16 ಸೆಲ್‌ಗಳ ಪ್ಯಾಕ್‌ಗೆ ಬಿಎಂಎಸ್ ಬೋರ್ಡ್ ವಿನ್ಯಾಸ: ಎಲ್ಲಿಂದ ಆರಂಭಿಸಬೇಕು?

ಕಾಸರಗೋಡಿನ ಬದಿಯಡ್ಕದ ತೋಟದ ಮನೆಯ ಸೋಲಾರ್ ಇನ್ವರ್ಟರ್‌ಗಾಗಿ 100 ಆಂಪಿಯರ್-ಅವರ್‌ನ 16 ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸೆಲ್‌ಗಳನ್ನು ಸರಣಿಯಲ್ಲಿ ಜೋಡಿಸಿ, ಬಿಎಂಎಸ್ (ಬ್ಯಾಟರಿಯನ್ನು ಗಮನಿಸಿ ಕಾಪಾಡುವ ಸರ್ಕ್ಯೂಟ್) ಬೋರ್ಡನ್ನು ತಾವೇ ವಿನ್ಯಾಸ ಮಾಡುವುದಾದರೆ ಮೊದಲು ಏನನ್ನು ಗಮನಿಸಬೇಕೆಂದು ಕೇಳಿದ್ದೀರಿ.

ವೋಲ್ಟೇಜ್ ಅಳೆಯುವ ಭಾಗದಿಂದ ಆರಂಭಿಸಿ. ಎಲ್‌ಎಫ್‌ಪಿ ಸೆಲ್ ತನ್ನ ಸಾಮರ್ಥ್ಯದ ಬಹುಭಾಗವನ್ನು 3.2ರಿಂದ 3.3 ವೋಲ್ಟ್‌ಗಳ ಆಸುಪಾಸಿನಲ್ಲೇ ನೀಡುವುದರಿಂದ, ಅಳತೆಯಲ್ಲಿ ಕೆಲವೇ ಮಿಲಿವೋಲ್ಟ್ ತಪ್ಪಿದರೂ ಉಳಿದ ಚಾರ್ಜಿನ ಅಂದಾಜು ಬಹಳ ಕೆಡುತ್ತದೆ. ಬಿಡಿ ಭಾಗಗಳಿಂದ ಇದನ್ನು ಕಟ್ಟುವ ಹಟ ಬೇಡ. 16 ಸೆಲ್‌ಗಳವರೆಗೆ ನಿಭಾಯಿಸುವ ಬಿಕ್ಯೂ76952ರಂತಹ ಚಿಪ್ ಇದೆ.

ಕರೆಂಟ್ ಅಳೆಯಲು 0.5 ಮಿಲಿಓಮ್ ಶಂಟ್ (ಕರೆಂಟ್ ಹರಿಯುವ ದಾರಿಯಲ್ಲಿಡುವ ಅತಿ ಕಡಿಮೆ ಬೆಲೆಯ ಓಮ್‌ನ ರೆಸಿಸ್ಟರ್) ಬಳಸಿದರೆ 100 ಆಂಪಿಯರ್‌ನಲ್ಲಿ 50 ಮಿಲಿವೋಲ್ಟ್ ಸಿಗುತ್ತದೆ, ಆದರೆ 5 ವಾಟ್ ಶಾಖವೂ ಹುಟ್ಟುತ್ತದೆ. ಆದ್ದರಿಂದ ಅಳತೆಯ ಎಳೆಗಳನ್ನು ಶಂಟ್‌ನ ಒಳಬದಿಯಿಂದಲೇ ಪ್ರತ್ಯೇಕವಾಗಿ ತೆಗೆದು, ತಾಪ ಸಂವೇದಕವನ್ನು ಅದರಿಂದ ದೂರವಿಡಬೇಕು. ಸೆಲ್‌ಗಳ ಚಾರ್ಜನ್ನು ಸಮಗೊಳಿಸುವ ಬ್ಯಾಲೆನ್ಸಿಂಗ್‌ಗೆ 100 ಮಿಲಿಆಂಪಿಯರ್ ಸಾಕು, ಶೇ. 1ರ ವ್ಯತ್ಯಾಸ ಸರಿಪಡಿಸಲು ಸುಮಾರು 10 ಗಂಟೆ ಹಿಡಿಯುತ್ತದೆ, ಮನೆಯ ಪ್ಯಾಕ್‌ಗೆ ಅದೇನೂ ಅವಸರದ ಕೆಲಸವಲ್ಲ. ಅಪಾಯದಲ್ಲಿ ಕರೆಂಟ್ ಕಡಿಯುವ ಸ್ವಿಚ್‌ಗಳಾದ ಮಾಸ್ಫೆಟ್‌ಗಳನ್ನೇ ನಂಬದೆ ಪ್ರತ್ಯೇಕ ಫ್ಯೂಸ್ ಹಾಕಿ.

ಕಾಸರಗೋಡಿನ ಮಳೆಗಾಲವನ್ನು ಮರೆಯಬಾರದು. ಬೋರ್ಡಿನ ಮೇಲೆ ಉಳಿದ ಬೆಸುಗೆಯ ಫ್ಲಕ್ಸ್ ತೇವ ಹೀರಿದಾಗ ಒತ್ತೊತ್ತಾಗಿರುವ ಅಳತೆಯ ಎಳೆಗಳ ನಡುವೆ ಸೋರಿಕೆ ಉಂಟಾಗಿ, ಸರಿಯಿರುವ ಸೆಲ್ ಕೂಡ ದುರ್ಬಲವೆಂದು ತೋರಬಹುದು; ಚೆನ್ನಾಗಿ ತೊಳೆದು ಒಣಗಿಸಿದ ಮೇಲಷ್ಟೇ ರಕ್ಷಣಾ ಲೇಪ ಹಚ್ಚಿ. ಮೊದಲ ಪರೀಕ್ಷೆಯನ್ನು ಸೆಲ್‌ಗಳ ಬದಲು, ಕರೆಂಟ್ ಮಿತಿಯಿರುವ ಪವರ್ ಸಪ್ಲೈ ಮತ್ತು 16 ಸಮಾನ ರೆಸಿಸ್ಟರ್‌ಗಳ ಸರಣಿಯಿಂದ ನಡೆಸಿ.