ಆಪ್ತಸಲಹೆ ಪ್ರಕರಣ: ಮನೆ ಬಿಟ್ಟು ಹೋಗದ ಕುಟುಂಬ

ಇವರನ್ನು ಗಿರಿಜಾ ಅಂತ ಕರೆಯೋಣ. ಹೆಸರು, ವಯಸ್ಸು, ಮನೆಯ ಒಂದೆರಡು ಸಂಗತಿ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ಕಾದಂಬರಿಯ ಕಥೆಯನ್ನು ಎಲ್ಲಿಯವರೆಗೆ ಹೇಳಬಹುದು ಅನ್ನುವುದಕ್ಕೂ ಅವರೇ ಗೆರೆ ಹಾಕಿಕೊಟ್ಟಿದ್ದಾರೆ. ಕೊನೆ ಹೇಳಬೇಡಿ ಅಂದಿದ್ದಾರೆ, ಹೇಳುವುದಿಲ್ಲ.

ಮೂವತ್ತೈದರ ಆಸುಪಾಸಿನ ಹೆಣ್ಣುಮಗಳು. ಮನೆ ಬೆಟಗೇರಿ. ಗದಗಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಡಿಟಿಪಿ ಕೆಲಸ, ಅಂದರೆ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ ಪುಟ ಕಟ್ಟುವುದು. ಲಗ್ನಪತ್ರಿಕೆ, ಕ್ಯಾಲೆಂಡರ್, ಬಿಲ್ ಬುಕ್, ಆಗೊಮ್ಮೆ ಈಗೊಮ್ಮೆ ಯಾರದೋ ಕವನ ಸಂಕಲನ. ಗಂಡ, ಇಬ್ಬರು ಮಕ್ಕಳು, ಅತ್ತೆ. ಹಗಲು ಬೇರೆಯವರ ಪುಸ್ತಕ, ರಾತ್ರಿ ಸ್ವಂತ ಕಾದಂಬರಿ. ಅದೂ ದೆವ್ವದ ಕಾದಂಬರಿ.

ಹುಬ್ಬಳ್ಳಿಗೆ ಬಂದು ನನ್ನೆದುರು ಕೂತವರು ಮೊದಲು ಹೇಳಿದ್ದು, "ಮೇಡಂ, ನನಗ ರೈಟರ್ಸ್ ಬ್ಲಾಕ್ ಅನ್ನೋ ರೋಗ ಬಂದೈತ್ರಿ." ಬರೆಯಲು ಕೂತರೂ ಬರಹ ಮುಂದೆ ಹೋಗದಿರುವುದಕ್ಕೆ ಆ ಹೆಸರು ಅಂತ ಮೊಬೈಲಿನಲ್ಲಿ ಓದಿದ್ದರು. ಮನೆಯಲ್ಲಿ ಆ ರೋಗಕ್ಕೆ ಬೇರೆ ಹೆಸರಿತ್ತು. "ದೆವ್ವದ ಸುದ್ದಿ ಬರದು ಬರದು ನಿನಗ ಗಾಳಿ ಬಡದೈತಿ" ಅಂತ ಅತ್ತೆ. ಅಮಾವಾಸ್ಯೆಗೆ ನಿಂಬೆಹಣ್ಣು ಇಳಿಸಿ ಬಿಸಾಕಿದ್ದೂ ಆಗಿತ್ತು, ದಾರ ಕಟ್ಟಿಸಿದ್ದೂ ಆಗಿತ್ತು. ಕೈಯಲ್ಲಿನ ಆ ದಾರ ತೋರಿಸಿ, ಬಿಚ್ಚಬೇಕೇನ್ರಿ ಅಂತ ಕೇಳಿದರು. ಇರಲಿ ಬಿಡ್ರಿ, ಅದರ ಪಾಡಿಗೆ ಅದು ಇರಲಿ ಅಂದೆ.

ಹನ್ನೊಂದು ಅಧ್ಯಾಯ ಮುಗಿದಿವೆ. ಹನ್ನೆರಡನೆಯದು ಮೂರು ತಿಂಗಳಿಂದ ಒಂದು ಸಾಲೂ ಮುಂದೆ ಹೋಗಿಲ್ಲ. ರಾತ್ರಿ ಹನ್ನೊಂದಕ್ಕೆ ಕೂತು ಎರಡರವರೆಗೆ ಪರದೆ ನೋಡುವುದು, ಮಲಗಿದರೆ ಎದೆ ಡವಡವ. ಒಂದು ರಾತ್ರಿ ಕಣ್ಣು ಹತ್ತುವ ಹೊತ್ತಿಗೆ ಬೀಸುಕಲ್ಲಿನ ಸದ್ದು ಕೇಳಿತಂತೆ. ಕಾದಂಬರಿಯಲ್ಲಿ ಬರುವ ಸದ್ದೇ ಅದು. ಅಲ್ಲಿಗೆ ಹೆದರಿ ನನ್ನ ಹತ್ತಿರ ಬಂದರು.

ಇಂಥವರು ಬಂದಾಗ ನಾನು ಮೊದಲು ಕಾದಂಬರಿಯ ಸುದ್ದಿಗೆ ಹೋಗುವುದಿಲ್ಲ. ಊಟ ಸೇರುತ್ತಾ, ನಿದ್ದೆ ಹೇಗೆ, ಮಕ್ಕಳ ಜೊತೆ ನಗು ಬರುತ್ತಾ, ಸಾಯಬೇಕು ಅನ್ನಿಸಿತ್ತಾ, ಎಲ್ಲ ನೇರವಾಗಿ ಕೇಳುತ್ತೇನೆ. ಎರಡು ವಾರಕ್ಕಿಂತ ಜಾಸ್ತಿ ಮನಸ್ಸು ಕುಗ್ಗಿದ್ದು, ಯಾವುದರಲ್ಲೂ ಆಸಕ್ತಿ ಉಳಿದಿಲ್ಲ ಅಂದರೆ ಖಿನ್ನತೆಯ ಕಡೆ ಯೋಚಿಸಬೇಕಾಗುತ್ತದೆ. ಗಿರಿಜಾ ಅವರಿಗೆ ಹಾಗಿರಲಿಲ್ಲ. ಪ್ರೆಸ್ಸಿನ ಕೆಲಸ ಸರಿಯಾಗಿ ನಡೆದಿತ್ತು. ನಾಗರಪಂಚಮಿಗೆ ಉಂಡಿ ಕಟ್ಟಿದ್ದರು, ಜೋಕಾಲಿಯನ್ನೂ ಆಡಿದ್ದರು. ಕೆಟ್ಟಿದ್ದು ನಿದ್ದೆ ಒಂದೇ.

ಬೀಸುಕಲ್ಲಿನ ಸದ್ದಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಓದುವವರಲ್ಲೂ ಇಂಥ ಭಯ ಇರಬಹುದು. ಎಚ್ಚರದಿಂದ ನಿದ್ದೆಗೆ ಜಾರುವ ಆ ಗಳಿಗೆಯಲ್ಲಿ ಯಾರೋ ಕರೆದಂತೆ, ಏನೋ ಬಿದ್ದಂತೆ ಕೇಳಿಸುವುದು ಎಷ್ಟೋ ಜನರಿಗೆ ಆಗುತ್ತದೆ. ನಿದ್ದೆಗೆಟ್ಟವರಿಗೆ ಇನ್ನೂ ಜಾಸ್ತಿ. ಅದು ಹುಚ್ಚಿನ ಗುರುತಲ್ಲ. ಹಗಲು ಪೂರ್ತಿ ಎಚ್ಚರವಿದ್ದಾಗ ಧ್ವನಿ ಕೇಳುವುದು, ಆ ಧ್ವನಿ ನಿಮ್ಮನ್ನು ಬೈಯುವುದು, ಇಂಥದ್ದು ಮಾಡು ಅಂತ ಹೇಳುವುದು, ಇದು ಬೇರೆ. ಆಗ ತಡ ಮಾಡದೆ ಮನೋವೈದ್ಯರನ್ನು ಕಾಣಬೇಕು. ನಮ್ಮ ಕಡೆಯವರಿಗೆ ಧಾರವಾಡದ ಡಿಮ್ಹಾನ್ಸ್ ಇದೆ, ಮಾನಸಿಕ ಆರೋಗ್ಯದ ಸರ್ಕಾರಿ ಆಸ್ಪತ್ರೆ. ರಾತ್ರಿ ಹೊತ್ತಾದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಗಿರಿಜಾ ಅವರಿಗೆ ಅದು ಬೇಕಾಗಲಿಲ್ಲ. ಬರೆಯುವ ಹೊತ್ತು ಬದಲಿಸಿ ಅಂದೆ. ಮೈ ನಡುಗುವಂಥ ದೃಶ್ಯ ಬರೆದು ಎರಡು ನಿಮಿಷಕ್ಕೆ ದೀಪ ಆರಿಸಿದರೆ ಯಾರ ಎದೆ ಹೊಡೆದುಕೊಳ್ಳುವುದಿಲ್ಲ ಹೇಳಿ? ಬೆಳಿಗ್ಗೆ ಐದರಿಂದ ಆರೂಕಾಲರವರೆಗೆ ಬರೆಯುವುದು. ರಾತ್ರಿ ಹತ್ತರ ನಂತರ ಕಾದಂಬರಿ ಮುಟ್ಟುವುದಿಲ್ಲ. ಸಂಜೆ ನಾಲ್ಕರ ನಂತರ ಚಹಾ ಇಲ್ಲ. ಎಷ್ಟೇ ಹೊತ್ತಿಗೆ ಮಲಗಿದರೂ ಏಳುವ ಹೊತ್ತು ಒಂದೇ. "ನಳ ಬರೋ ದಿನ ಬೆಳಿಗ್ಗೆ ನೀರು ತುಂಬೋದು ಇರತೈತ್ರಿ" ಅಂದರು. ಗದಗ-ಬೆಟಗೇರಿಯವರಿಗೆ ಇದನ್ನು ವಿವರಿಸಬೇಕಿಲ್ಲ. ನಳ ಬಂದ ದಿನ ಬರವಣಿಗೆಗೆ ರಜೆ ಅಂತ ಒಪ್ಪಂದವಾಯಿತು.

ಬರಹಗಾರರೆಂದರೆ ನಿದ್ದೆಗೆಡಬೇಕು, ಒದ್ದಾಡಬೇಕು, ಆಗಲೇ ಒಳ್ಳೆಯದು ಹುಟ್ಟುತ್ತದೆ ಅನ್ನುವ ಮಾತಿದೆಯಲ್ಲ, ಅದನ್ನು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ನಿದ್ದೆಗೆಟ್ಟ ತಲೆಗೆ ಹಳೆಯದನ್ನೇ ತಿರುವಿಹಾಕುವುದು ಸುಲಭ. ಹೊಸದಾಗಿ ಒಂದು ನಿರ್ಧಾರ ಮಾಡುವುದು ಕಷ್ಟ.

ನಿದ್ದೆ ಹಳಿಗೆ ಬಂತು. ಕಥೆ ಮಾತ್ರ ಅಲ್ಲೇ ನಿಂತಿತ್ತು. ಆಗ ಕಥೆ ಹೇಳ್ರಿ ಅಂದೆ.

ರೋಣ ತಾಲೂಕಿನ ಒಂದು ಹಳ್ಳಿ. ಹಳೆಯ ವಾಡೆ. ಗಂಡ ಸತ್ತ ಮೇಲೆ ಇಬ್ಬರು ಮಕ್ಕಳನ್ನು ಕರೆದುಕೊಂಡು ತವರಿಗೆ ಬಂದ ಮಗಳು. ಅಣ್ಣ, ವೈನಿ (ಅಣ್ಣನ ಹೆಂಡತಿ), ಹಾಸಿಗೆ ಹಿಡಿದ ತಂದೆ. ಪಡಸಾಲೆಯ ಕೆಳಗೆ ಮುಚ್ಚಿಟ್ಟ ಒಂದು ಹಗೇವು, ಅಂದರೆ ಕಾಳು ತುಂಬಿಡುವ ನೆಲದೊಳಗಿನ ಗುಂಡಿ, ಸಿಗುತ್ತದೆ, ತೆಗೆಯುತ್ತಾರೆ. ಅಲ್ಲಿಂದ ಶುರು. ರಾತ್ರಿ ಬೀಸುವ ಸದ್ದು. ಬೆಳಿಗ್ಗೆ ಬಡಿದ ರೊಟ್ಟಿಯಲ್ಲಿ ಹಗೇವಿನ ಜೋಳದ ಮುಗ್ಗಲು ವಾಸನೆ, ಹಿಟ್ಟು ಅಂಗಡಿಯಿಂದ ತಂದದ್ದಾದರೂ. ಇದನ್ನು ಕೇಳಿ ನನಗೇ ಮೈ ಜುಮ್ಮೆಂದಿತು. ಹನ್ನೊಂದನೆಯ ಅಧ್ಯಾಯದ ಕೊನೆಗೆ ಸಣ್ಣ ಹುಡುಗ ಮೂರು ದಿನ ಮಾತಾಡುವುದಿಲ್ಲ.

ಇಷ್ಟನ್ನೂ ಓದಿದ್ದು ಅಕ್ಕನ ಮಗಳು ಒಬ್ಬಳೇ. ಓದಿ ಕೇಳಿದಳಂತೆ, "ಚಿಗವ್ವ, ಇಷ್ಟ ಆದ ಮ್ಯಾಲೂ ಅವರು ಆ ಮನ್ಯಾಗ ಯಾಕ ಇರ್ತಾರ? ಗದಗಕ್ಕ ಬಂದು ಬಾಡಿಗಿ ಮನಿ ಹಿಡೀಬಾರದೇನು?"

ಕಥೆ ನಿಂತದ್ದು ಅಲ್ಲಿ. ಗಿರಿಜಾ ಸುಮ್ಮನೆ ಕೂತಿರಲಿಲ್ಲ. ಬೆಣ್ಣೆಹಳ್ಳಕ್ಕೆ ನೆರೆ ತಂದು ರಸ್ತೆ ಬಂದ್ ಮಾಡಿದರು. ಆ ಕಡೆ ಬೆಣ್ಣೆಹಳ್ಳ ಉಕ್ಕಿದರೆ ಊರೂರಿಗೇ ಸಂಪರ್ಕ ತಪ್ಪುವುದು ನಿಜ. ಆದರೆ ನೀರು ಇಳಿಯುತ್ತದೆ, ಇವರ ಕಥೆ ಒಂದು ತಿಂಗಳು ನಡೆಯುತ್ತದೆ. ಫೋನ್ ಕೆಡಿಸಿದರು. ಹುಡುಗನಿಗೆ ಜ್ವರ ಬರಿಸಿದರು. ಜ್ವರ ಬಂದ ಮಗುವನ್ನು ಕರೆದುಕೊಂಡು ಮೊದಲು ಊರು ಬಿಡಬೇಕಲ್ವಾ! ಹಾಗಾಗಿ ಅದನ್ನೂ ಹೊಡೆದು ಹಾಕಿದರು.

ಇಲ್ಲಿ ಒಂದು ಪ್ರಶ್ನೆ ಕೇಳುವುದು ನನ್ನ ಕೆಲಸ. ಕೇಳಿದೆ. ನಿಮ್ಮ ಸ್ವಂತ ಬದುಕಿನಲ್ಲಿ ಬಿಡಲಾಗದ ಮನೆ ಯಾವುದಾದರೂ ಇದೆಯಾ? ತವರು, ಗಂಡನ ಮನೆ, ಮುಗಿಯದ ಜಗಳ? ಅವರು ಯೋಚಿಸಿ, ಇಲ್ರಿ ಅಂದರು. ಇನ್ನೊಂದು ಸಲ ಬೇರೆ ದಾರಿಯಿಂದ ಕೇಳಿದೆ. ಆಗಲೂ ಇಲ್ಲ. ನಾನು ಅಲ್ಲಿಗೆ ಬಿಟ್ಟೆ. ನಿಂತುಹೋದ ಪ್ರತಿ ಕಥೆಯ ಹಿಂದೆ ಬಾಲ್ಯದ ಗಾಯ ಹುಡುಕುವ ಚಟ ನಮ್ಮ ವೃತ್ತಿಯವರಿಗೆ ಉಂಟು. ಇವರಿಗೆ ಇದ್ದದ್ದು ಕಥೆಯ ಸಮಸ್ಯೆ. ಅದನ್ನು ಸಮಸ್ಯೆಯಾಗಿಯೇ ಬಿಡಿಸಬೇಕಿತ್ತು.

ಅದಕ್ಕೆ ನಮ್ಮಲ್ಲಿ ಒಂದು ಕ್ರಮ ಇದೆ. 1971ರಲ್ಲಿ ಡಿಝುರಿಲ್ಲಾ ಮತ್ತು ಗೋಲ್ಡ್‌ಫ್ರೈಡ್ ಅನ್ನುವ ಇಬ್ಬರು ಅಮೆರಿಕನ್ ಮನಶ್ಶಾಸ್ತ್ರಜ್ಞರು ಅದಕ್ಕೆ ಒಂದು ರೂಪ ಕೊಟ್ಟರು. ಸಾಲ, ಸಂಸಾರ, ಕೆಲಸದ ತಾಪತ್ರಯ ಹೊತ್ತು ಬಂದವರಿಗೆ ಬಳಸುತ್ತೇವೆ. ಸಮಸ್ಯೆಯನ್ನು ಒಂದೇ ಸಾಲಿನಲ್ಲಿ ಬರೆಯುವುದು. ಒಳ್ಳೆಯದು ಕೆಟ್ಟದ್ದು ನೋಡದೆ ಹೊಳೆದ ದಾರಿಗಳನ್ನೆಲ್ಲ ಬರೆಯುವುದು. ಆಮೇಲೆ ತೂಗುವುದು, ಒಂದನ್ನು ಆರಿಸಿ ಸಣ್ಣದಾಗಿ ಮಾಡಿ ನೋಡುವುದು. ದೆವ್ವದ ಕಥೆಗೂ ಇದು ನಡೆಯುತ್ತದೆ, ಯಾಕೆ ನಡೆಯಬಾರದು?

ಮೊದಲ ಹೆಜ್ಜೆಯಲ್ಲೇ ಅರ್ಧ ಕೆಲಸವಾಯಿತು. ಗಿರಿಜಾ ಬರೆದ ಸಾಲು: "ಅವರನ್ನು ಮನೆಯಿಂದ ಹೊರಗೆ ಹೋಗದಂತೆ ತಡೆಯುವುದು ಹೇಗೆ?" ನಾನು ಕೇಳಿದೆ, ತಡೆಯುವವರು ಯಾರು? ನೀವೇ ತಡೀತಾ ಇದ್ದೀರಿ, ಹೊಳೆ ತಂದು, ಫೋನ್ ಕೆಡಿಸಿ. ಅವರಿಗೆ ಇರಬೇಕು ಅಂತ ಇದೆಯಾ? ಸಾಲು ಬದಲಾಯಿತು. "ಬಿಟ್ಟು ಹೋದರೆ ಯಾರು ಏನು ಕಳೆದುಕೊಳ್ಳುತ್ತಾರೆ?"

ಒಬ್ಬೊಬ್ಬರಿಗೆ ಒಂದೊಂದು ಹಾಳೆ ಇಡಿ, ಆ ಪಾತ್ರದ ಬಾಯಿಂದಲೇ ಉತ್ತರ ಬರೆಯಿರಿ ಅಂದೆ. ತಂದೆಯ ಹಾಳೆ, ವೈನಿಯ ಹಾಳೆ ಸಾಧಾರಣವಾಗಿದ್ದವು. ಮಗಳ ಹಾಳೆ ಮಾತ್ರ ಹಿಂದೆ ಮುಂದೆ ಎರಡೂ ಕಡೆ ತುಂಬಿ ಬಂತು. ಕಾದಂಬರಿ ನಡೆಯುವುದು 2006ರಲ್ಲಿ. ಹಿಂದಿನ ವರ್ಷ ಸೆಪ್ಟೆಂಬರ್‌ನಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದು, ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಸಿಕ್ಕಿದೆ. ಅಣ್ಣ ಹಕ್ಕು ಬಿಟ್ಟ ಪತ್ರಕ್ಕೆ ಸಹಿ ಕೇಳುತ್ತಿದ್ದಾನೆ. ವಕೀಲರು "ಕಬ್ಜಾ ಬಿಡಬ್ಯಾಡ್ರಿ, ಆ ಮನ್ಯಾಗ ಇರ್ರಿ" ಅಂದಿದ್ದಾರೆ. ಒಂದು ರಾತ್ರಿ ಹೊರಗೆ ಕಾಲಿಟ್ಟರೆ ಬೆಳಿಗ್ಗೆ ಬಾಗಿಲಿಗೆ ಕೀಲಿ ಬೀಳುತ್ತದೆ ಅಂತ ಅವಳಿಗೆ ಗೊತ್ತು. ಅಣ್ಣನೂ ಹೋಗುವುದಿಲ್ಲ, ತಾನು ಹೋದರೆ ತಂಗಿ ಗಟ್ಟಿಯಾಗಿ ಕೂರುತ್ತಾಳೆ. ಇಬ್ಬರಿಗೂ ದೆವ್ವ ಕಂಡಿದೆ. ಇಬ್ಬರೂ ಕಂಡಿಲ್ಲ ಅನ್ನುತ್ತಾರೆ. ಒಪ್ಪಿಕೊಂಡವರು ಮೊದಲು ಮನೆ ಬಿಡಬೇಕಾಗುತ್ತದೆ!

ಇದನ್ನು ಓದಿ ಹೇಳುವಾಗ ಗಿರಿಜಾ ಅವರ ದನಿ ಏರಿತ್ತು. ಮಗು ಮಾತು ಬಿಟ್ಟ ಮೇಲೂ ತಾಯಿ ಕೂತೇ ಇರುತ್ತಾಳೆ ಅನ್ನುವುದು ಈಗ ದೆವ್ವಕ್ಕಿಂತ ಜಾಸ್ತಿ ಹೆದರಿಸುತ್ತದೆ. ಅವರು ಇಷ್ಟು ದಿನ ತಪ್ಪಿಸಿಕೊಂಡು ಓಡಾಡಿದ್ದು ಇದರಿಂದಲೇ ಅಂತ ನನ್ನ ಅಂದಾಜು. ನಾಯಕಿ ಒಳ್ಳೆಯವಳಾಗಿಯೇ ಉಳಿಯಬೇಕಿತ್ತು. ಅದಕ್ಕೇ ಅವಳ ಬದಲು ಹಳ್ಳ, ಜ್ವರ, ಫೋನು ತಪ್ಪು ಹೊರಬೇಕಾಯಿತು. ಕಾನೂನಿನ ವಿವರ ಮಾತ್ರ ಒಬ್ಬ ವಕೀಲರಿಗೆ ತೋರಿಸಿ ಅಂದೆ, ಅದು ನನ್ನ ಕೆಲಸವಲ್ಲ.

ಎರಡನೆಯ ತೊಡಕು ಸಣ್ಣದು. ಎಂಟನೆಯ ಅಧ್ಯಾಯದಲ್ಲಿ ದೆವ್ವ ಗೋಡೆ ದಾಟುತ್ತದೆ, ಬಾಗಿಲು ಮುರಿಯುತ್ತದೆ, ಬೇರೆ ಊರಿನಲ್ಲೂ ಕಾಣಿಸುತ್ತದೆ. ಎಲ್ಲ ಮಾಡಬಲ್ಲ ದೆವ್ವ ಇವರನ್ನು ಇನ್ನೂ ಯಾಕೆ ಬಿಟ್ಟಿದೆ? ಅದಕ್ಕೆ ಏನು ಆಗುವುದಿಲ್ಲ ಅಂತ ಮೊದಲು ಗೊತ್ತುಮಾಡಿ ಅಂದೆ. ಅದಕ್ಕೆ ಉತ್ತರ ನನ್ನ ಕೋಣೆಯಲ್ಲಿ ಸಿಗಲಿಲ್ಲ. ಹಗೇವಿಗೆ ಇಳಿದವರು ಯಾರಾದರೂ ಗೊತ್ತೇನ್ರಿ, ಹೋಗಿ ಕೇಳಿ ಅಂತ ಕಳಿಸಿದೆ. ಇಳಿದವರು ಮನೆಯಲ್ಲೇ ಇದ್ದರು. ಅತ್ತೆ.

ಹಗೇವಿನ ಬಾಯಿ ಸಣ್ಣದು, ಒಳಗೆ ಹೊಟ್ಟೆ ದೊಡ್ಡದು. ದೊಡ್ಡವರು ನುಸುಳಲು ಕಷ್ಟ ಅಂತ ಮಕ್ಕಳನ್ನು ಹಗ್ಗ ಕಟ್ಟಿ ಇಳಿಸುತ್ತಿದ್ದರು. ಚಪ್ಪಡಿ ತೆಗೆದ ಕೂಡಲೇ ಇಳಿಯುವಂತಿಲ್ಲ. ಒಂದು ದಿನ ಬಾಯಿ ತೆರೆದಿಟ್ಟು ಝಳ ಹೋಗಲು ಬಿಡಬೇಕು. ಆಮೇಲೆ ಕಂದೀಲಿಗೆ ಹಗ್ಗ ಕಟ್ಟಿ ಒಳಗೆ ಬಿಡುವುದು. ದೀಪ ಉರಿದರೆ ಇಳಿಯುವುದು, ಆರಿದರೆ ಇಳಿಯುವಂತಿಲ್ಲ. ಮುಚ್ಚಿಟ್ಟ ಕಾಳೂ ಉಸಿರಾಡುತ್ತದೆ, ಅದರೊಳಗಿನ ಹುಳವೂ ಉಸಿರಾಡುತ್ತದೆ. ಆಮ್ಲಜನಕ ಮುಗಿದು ಇಂಗಾಲದ ಡೈಆಕ್ಸೈಡ್ ತಳದಲ್ಲಿ ನಿಲ್ಲುತ್ತದೆ. ಅವಸರ ಮಾಡಿ ಇಳಿದವರು ಜೀವ ಕಳೆದುಕೊಂಡಿದ್ದಾರೆ. ಅತ್ತೆ ಹೇಳಿದ್ದರಲ್ಲಿ ಗಿರಿಜಾ ಬರೆದುಕೊಂಡು ಬಂದಿದ್ದ ಒಂದು ಮಾತು: "ದೀಪ ಊದಿದಂಗ ಆರಂಗಿಲ್ಲ ತಂಗಿ. ಸಣ್ಣ ಆಕ್ಕೋತ ಆಕ್ಕೋತ ಹೋಗತೈತಿ. ನೋಡವರ ಉಸಿರ ಹಿಡದಿರತೈತಿ."

ದೆವ್ವದ ಕಟ್ಟಳೆ ಇದರಿಂದಲೇ ಬಂತು. ದೀಪ ಬದುಕದ ಕಡೆ ಮಾತ್ರ ಅದು ಇರಬಲ್ಲದು. ಕಂದೀಲು ಸಣ್ಣದಾಗುತ್ತಿದೆ ಅಂದರೆ ಬರುತ್ತಿದೆ ಅಂತ ಅರ್ಥ. ಗೋಡೆ ದಾಟುವುದು, ಬೇರೆ ಊರು, ಎಲ್ಲ ತೆಗೆದು ಹಾಕಿದರು. ಓದುವವರು ಬೇಕಾದರೆ ಎಲ್ಲವೂ ಕೆಟ್ಟ ಗಾಳಿಯ ಆಟ ಅಂದುಕೊಳ್ಳಬಹುದು, ಬೇಡವಾದರೆ ಇಲ್ಲ.

ಇನ್ನೊಂದು ಸಲಹೆ ಅವರ ವೃತ್ತಿಗೆ ಸಂಬಂಧಿಸಿದ್ದು. ಕಾದಂಬರಿಯ ಕಡತ ತೆರೆದು ತೋರಿಸಿದಾಗ ನೋಡಿದೆ. ಹನ್ನೊಂದೂ ಅಧ್ಯಾಯಗಳನ್ನು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ, ಪುಟ ಕಟ್ಟಿ, ಪುಟಸಂಖ್ಯೆ ಹಾಕಿ, ಪ್ರತಿ ಅಧ್ಯಾಯದ ಮೊದಲ ಅಕ್ಷರ ದೊಡ್ಡದು ಮಾಡಿ ಇಟ್ಟಿದ್ದರು. ಅಚ್ಚಿಗೆ ಹೋಗಲು ತಯಾರು! ಹಾಗೆ ಸಿಂಗಾರವಾದ ಪುಟದಿಂದ ಒಂದು ಪ್ಯಾರಾ ತೆಗೆಯಲು ಯಾರ ಕೈ ಬರುತ್ತದೆ? ರಾತ್ರಿ ಮೂರು ತಾಸು ಅವರು ಮಾಡುತ್ತಿದ್ದದ್ದು ಅಕ್ಷರದ ಅಂತರ ಸರಿಮಾಡುವುದು. ಹನ್ನೆರಡನೆಯ ಅಧ್ಯಾಯವನ್ನು ಪೆನ್ನಿನಲ್ಲೇ ಬರೆಯಿರಿ, ಅದೂ ಪ್ರೆಸ್ಸಿನ ರದ್ದಿ ಪ್ರೂಫ್ ಹಾಳೆಯ ಹಿಂಬದಿ ಅಂದೆ. ಯಾರದೋ ಲಗ್ನಪತ್ರಿಕೆಯ ಬೆನ್ನಿನ ಮೇಲೆ ಬರೆದದ್ದನ್ನು ಹರಿದು ಹಾಕಲು ಸಂಕಟವಾಗುವುದಿಲ್ಲ. ಕರಡು ಪೂರ್ತಿಯಾಗುವವರೆಗೆ ಅಕ್ಕನ ಮಗಳಿಗೂ ತೋರಿಸುವುದು ಬೇಡ. ಆಮೇಲೆ ಅವಳಿಗೇ ಮೊದಲು ಕೊಡಿ. ಎಲ್ಲಿ ಬೇಸರವಾಯಿತು, ಎಲ್ಲಿ ನಂಬಲಾಗಲಿಲ್ಲ, ಎರಡೇ ಪ್ರಶ್ನೆ ಕೇಳಿ. ಪರಿಹಾರ ಕೇಳಬೇಡಿ.

ಈಗ ಹದಿನೇಳನೆಯ ಅಧ್ಯಾಯದಲ್ಲಿದ್ದಾರೆ. ಅಲ್ಲೂ ಒಂದು ತೊಡಕು ಇದೆಯಂತೆ, ಆದರೆ ಅದಕ್ಕೆ ಹುಬ್ಬಳ್ಳಿಗೆ ಬರುವುದಿಲ್ಲ, ಹಾಳೆ ಇಟ್ಟುಕೊಂಡು ಕೂತಿದ್ದೇನೆ ಅಂದರು. ಅತ್ತೆಗೆ ಈ ಕಾದಂಬರಿ ಇನ್ನೂ ಸೇರಿಲ್ಲ. ಮಕ್ಕಳಿರುವ ಮನೆಯಲ್ಲಿ ಅದನ್ನು ಇಡಲೇಬೇಡ ಅನ್ನುತ್ತಾರೆ. ಹಗೇವಿಗೆ ಇಳಿಯುವ ಪುಟಗಳನ್ನಷ್ಟೇ ಹಗಲು ಹೊತ್ತು ಓದಿ ಹೇಳು, ಹಗ್ಗ ಕಟ್ಟೋದು ತಪ್ಪು ಬರೆದಿದ್ದರೆ ಜನ ನಗತಾರ ಅಂದರಂತೆ.