ಹೆಂಗಸರ ಬಿಸಿನೆಸ್ ಗುಂಪಿಗೆ ಸೇರಬೇಕಾ? ಮ್ಯಾಂಚೆಸ್ಟರ್‌ಗೆ ಬಂದ ಸಾಗರದ ತಂಗಿಗೆ

ತಂಗಿ, ನಿನ್ನ ಮೆಸೇಜ್ ಓದಿದೆ. ಗಂಡನ ವೀಸಾ ಮೇಲೆ ಸಾಗರದಿಂದ ಮ್ಯಾಂಚೆಸ್ಟರ್‌ಗೆ ಬಂದು ಇನ್ನೂ ಸಾಮಾನು ಬಿಚ್ಚಿ ಮುಗಿದಿಲ್ಲ, ಆಗಲೇ ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುವ ಯೋಚನೆ ಮಾಡಿದ್ದೀಯ. ತುಂಬಾ ಖುಷಿಯಾಯಿತು. ನೀನು ಕೇಳಿದ್ದು ಇದು: "ಅಕ್ಕಾ, ಇಲ್ಲಿ ಹೆಂಗಸರ ಬಿಸಿನೆಸ್ ಗುಂಪುಗಳು ಇವೆಯಂತೆ. ದುಡ್ಡು ಕೊಟ್ಟು ಸೇರಬೇಕಂತೆ. ನಿಜವಾಗಿಯೂ ಉಪಯೋಗ ಇದೆಯಾ? ನಮ್ಮಂಥವರನ್ನು ಸೇರಿಸಿಕೊಳ್ತಾರಾ?" ಜೊತೆಗೆ ಚಳಿ, ಮಳೆ, ಅಕ್ಕಿ, ಇಂಗ್ಲಿಷ್ ಬಗ್ಗೆಯೂ ಕೇಳಿದ್ದೀಯ.

ಸಣ್ಣವನ್ನು ಮೊದಲು ಮುಗಿಸುತ್ತೇನೆ. ಒಳ್ಳೆಯ ಕೋಟು, ಬೂಟು ತಗೋ, ಅಲ್ಲಿ ದುಡ್ಡು ಉಳಿಸಬೇಡ. ಸೋನಾ ಮಸೂರಿ ಇಂಡಿಯನ್ ಅಂಗಡಿಗಳಲ್ಲಿ ಸಿಗುತ್ತದೆ. ಇದು ಮಳೆಯ ಊರು ಅಂತ ಇಲ್ಲಿಯವರು ಹೇಳುತ್ತಾರೆ, ಆದರೆ ವರ್ಷಕ್ಕೆ 1,000 ಮಿ.ಮೀ. ಕೂಡ ಸಾಮಾನ್ಯವಾಗಿ ಆಗುವುದಿಲ್ಲ. ಆಗುಂಬೆಯಲ್ಲಿ 7,000 ದಾಟುತ್ತದೆ. ನಮಗೆ ಇದು ಮಳೆಯೇ ಅಲ್ಲ. ಕತ್ತಲೆ ಮಾತ್ರ ಕಷ್ಟ. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಯ ಒಳಗೇ ಸೂರ್ಯ ಮುಳುಗುತ್ತಾನೆ, ಮನಸ್ಸು ಕುಗ್ಗುತ್ತದೆ. ಆ ತಿಂಗಳುಗಳಲ್ಲಿ ಮನೆಯಿಂದ ಹೊರಗೆ ಹೋಗುವುದಕ್ಕೆ ಒಂದು ಕಾರಣ ಇರಬೇಕು. ಇಂಗ್ಲಿಷ್ ಬಗ್ಗೆ ಚಿಂತೆ ಬೇಡ, ನಿನ್ನದು ಸಾಕು.

ಈಗ ಗುಂಪಿನ ವಿಷಯ. ಸೇರು. ಆದರೆ ಯಾವುದಕ್ಕೆ, ಯಾವಾಗ ಅಂತ ಸ್ವಲ್ಪ ನೋಡಬೇಕು.

ನಾನು ತೀರ್ಥಹಳ್ಳಿಯಿಂದ ಬಂದಾಗ ಇಲ್ಲಿ ನನ್ನ ಗಂಡನ ಆಫೀಸಿನವರನ್ನು ಬಿಟ್ಟರೆ ಯಾರೂ ಗೊತ್ತಿರಲಿಲ್ಲ. ಊರಿನಲ್ಲಿ ಪೇಟೆಗೆ ಇಳಿದರೆ ಯಾರ ಮನೆಯವಳು ಅಂತ ಹೇಳಬೇಕಾಗಿಯೇ ಇರಲಿಲ್ಲ. ಅಂಗಡಿಯವರು ಅಪ್ಪನ ಹೆಸರಿನ ಮೇಲೆ ಸಾಮಾನು ಕೊಡುತ್ತಿದ್ದರು. ಇಲ್ಲಿ ಆ ಹೆಸರು ನಡೆಯುವುದಿಲ್ಲ. ಕಡುಬು, ಅಕ್ಕಿ ರೊಟ್ಟಿ, ಪತ್ರೊಡೆ ಮಾಡಿ ಡಬ್ಬಿ ಕೊಡುತ್ತಿದ್ದೆ. ತಗೊಳ್ಳುವವರೆಲ್ಲ ಕನ್ನಡದವರೇ. ಅವರು ಊರಿಗೆ ಹೋದ ತಿಂಗಳು ನನಗೆ ವ್ಯಾಪಾರ ಇಲ್ಲ. ಪಕ್ಕದ ಬೀದಿಯ ಹೂವಿನ ಅಂಗಡಿಯವಳು ಒಂದು ದಿನ ಚರ್ಚ್ ಹಾಲ್‌ನಲ್ಲಿ ನಡೆಯುವ ಹೆಂಗಸರ ಮೀಟಿಂಗ್‌ಗೆ ಕರೆದುಕೊಂಡು ಹೋದಳು. ಇವತ್ತು ನನಗೆ ಒಂದು ಅಡುಗೆಮನೆ ಇದೆ, ಕೆಲಸಕ್ಕೆ ಜನ ಇದ್ದಾರೆ, ಆಫೀಸುಗಳಿಗೆ ಮಲೆನಾಡಿನ ಊಟ ಹೋಗುತ್ತದೆ. ಅದನ್ನು ಹೇಳಿಕೊಳ್ಳಲು ನನಗೆ ಹೆಮ್ಮೆಯೇ. ಓವನ್ ಹಂಚಿಕೊಂಡವಳು ಕೇಕ್ ಮಾಡುವ ಪಂಜಾಬಿ ಹೆಂಗಸು. ರಸೀದಿ, ಲೆಕ್ಕ ಇಡುವುದನ್ನು ಕಲಿಸಿದವಳು ನೈಜೀರಿಯಾದ ಅಕೌಂಟೆಂಟ್. ಮೊದಲ ಮದುವೆ ಆರ್ಡರ್ ಕೊಡಿಸಿದವಳು ಅದೇ ಹೂವಿನವಳು.

ದುಡ್ಡು ಕೊಟ್ಟು ಸೇರುವ ಗುಂಪು ಅಂದೆಯಲ್ಲ, ನೀನು ಕೇಳಿರುವುದು ಬಹುಶಃ ಬಿಎನ್‌ಐ, ಅಂದರೆ ಬಿಸಿನೆಸ್ ನೆಟ್‌ವರ್ಕ್ ಇಂಟರ್‌ನ್ಯಾಷನಲ್. 1985ರಲ್ಲಿ ಐವನ್ ಮಿಸ್ನರ್ ಎಂಬವರು ಕ್ಯಾಲಿಫೋರ್ನಿಯಾದಲ್ಲಿ ಶುರು ಮಾಡಿದ್ದು, ಹೆಂಗಸರಿಗೆ ಮಾತ್ರ ಅಲ್ಲ. ಒಂದು ಚಾಪ್ಟರ್‌ನಲ್ಲಿ, ಅಂದರೆ ಊರಿನ ಶಾಖೆಯಲ್ಲಿ, ಒಂದು ಕಸುಬಿಗೆ ಒಬ್ಬರೇ. ವಾರ ವಾರ ಸೇರಬೇಕು, ಒಬ್ಬರಿಗೊಬ್ಬರು ಗಿರಾಕಿ ಕಳಿಸಬೇಕು. ಒಳ್ಳೆಯದೇ, ಆದರೆ ಬಾಟಲಿಗೆ ಲೇಬಲ್ ಕೂಡ ಆಗದವರಿಗೆ ಆ ಖರ್ಚು ಈಗಲೇ ಬೇಡ. ಮೊದಲು ಊರೊಳಗಿನ ಸಣ್ಣ ಹೆಂಗಸರ ಗುಂಪಿಗೆ ಹೋಗು. ಸೇಂಟ್ ಪೀಟರ್ಸ್ ಸ್ಕ್ವೇರ್‌ನ ಸೆಂಟ್ರಲ್ ಲೈಬ್ರರಿಯಲ್ಲಿ ಬಿಸಿನೆಸ್ ಅಂಡ್ ಐಪಿ ಸೆಂಟರ್ ಇದೆ, ಗುಂಡಗಿನ ದೊಡ್ಡ ಕಟ್ಟಡ, ಹುಡುಕಬೇಕಾಗಿಲ್ಲ. ಹೊಸದಾಗಿ ಶುರು ಮಾಡುವವರಿಗೆ ಅಲ್ಲಿ ಮಾಹಿತಿ ಕೊಡುತ್ತಾರೆ, ತರಗತಿಗಳೂ ಇರುತ್ತವೆ. ನಿನ್ನಂತೆ ಹೊರಟಿರುವ ಹೆಂಗಸರು ಅಲ್ಲೇ ಸಿಗುತ್ತಾರೆ.

ವುಮೆನ್ಸ್ ಇನ್‌ಸ್ಟಿಟ್ಯೂಟ್ ಅಂತ ಇನ್ನೊಂದಿದೆ. 1897ರಲ್ಲಿ ಕೆನಡಾದಲ್ಲಿ ಹುಟ್ಟಿ, 1915ರಲ್ಲಿ ವೇಲ್ಸ್‌ನ ಒಂದು ಹಳ್ಳಿಯ ಮೂಲಕ ಇಲ್ಲಿಗೆ ಬಂತು. ಮೊದಲ ಮಹಾಯುದ್ಧದ ಕಾಲ, ಹಳ್ಳಿಯ ಹೆಂಗಸರು ಆಹಾರ ಬೆಳೆಯುವುದರಲ್ಲಿ ಕೈಜೋಡಿಸಲಿ ಅಂತ. ಬಿಸಿನೆಸ್ ಗುಂಪು ಅಲ್ಲ. ಆದರೆ ಜಾಮ್ ಮಾಡುವುದರಲ್ಲಿ ಪಳಗಿದ ಅಜ್ಜಿಯರು ಅಲ್ಲಿದ್ದಾರೆ. ಗಾಜಿನ ಬಾಟಲಿಯನ್ನು ಓವನ್‌ನಲ್ಲಿ ಕಾಯಿಸಿ ತೇವ ಇಲ್ಲದಂತೆ ಮಾಡುವುದನ್ನು ನನಗೆ ತೋರಿಸಿದವರು ಅವರೇ. ಭರಣಿಗೆ ನೀರು ತಾಗಬಾರದು ಅಂತ ನಮ್ಮ ಅಮ್ಮ ಬಡಿದುಕೊಳ್ಳುತ್ತಿದ್ದದ್ದು ನೆನಪಾಗಿ ಕಣ್ಣು ತುಂಬಿತ್ತು.

ಒಂದು ಎಚ್ಚರಿಕೆ. ಮೊದಲ ಭೇಟಿಯಲ್ಲೇ ತುಂಬಾ ಪ್ರೀತಿ ತೋರಿಸಿ, "ನಮ್ಮ ಕೆಳಗೆ ಸೇರು, ನೀನು ಇನ್ನಷ್ಟು ಜನರನ್ನು ಸೇರಿಸು" ಅನ್ನುವವರು ಸಿಗುತ್ತಾರೆ. ಅದು ಚೈನ್ ವ್ಯವಹಾರ. ಕಾಫಿ ಕುಡಿದು ಎದ್ದು ಬಾ.

ಗುಂಪು ನಡೆಯುವ ರೀತಿ ನಿನಗೆ ಗೊತ್ತಿರುವುದೇ. ನಮ್ಮಲ್ಲಿ ಅಡಿಕೆ ಸುಲಿಯುವಾಗ ಮುಯ್ಯಾಳು ಹೋಗುತ್ತಾರಲ್ಲ, ಇವತ್ತು ನಿಮ್ಮ ಮನೆಗೆ ನಾವು, ನಾಳೆ ನಮ್ಮ ಮನೆಗೆ ನೀವು, ಹಾಗೆಯೇ. ಮುಯ್ಯಿ ತೀರಿಸದವರ ಮನೆಗೆ ಮರುವರ್ಷ ಯಾರೂ ಹೋಗುವುದಿಲ್ಲ. ಇಲ್ಲೂ ಅಷ್ಟೇ. ಯಾರಾದರೂ ಗಿರಾಕಿ ಕಳಿಸಿದರೆ ಅದು ಏನಾಯಿತು ಅಂತ ವಾಪಸ್ ಹೇಳಬೇಕು. ನಿನಗೆ ಸಿಕ್ಕವರನ್ನು ಅವರ ಕಡೆಗೆ ಕಳಿಸಬೇಕು.

ಆದರೆ ಊರಿನಲ್ಲಿ ನಿನ್ನ ಅಡಿಕೆ ಚಪ್ಪರದ ಕೆಳಗೆ ರಾಶಿ ಬಿದ್ದಿರುವುದು ಎಲ್ಲರ ಕಣ್ಣಿಗೂ ಕಾಣುತ್ತದೆ. ಕೇಳಬೇಕಾಗಿಲ್ಲ, ಜನ ಬರುತ್ತಾರೆ. ಇಲ್ಲಿ ನಿನ್ನ ಅಗತ್ಯ ಯಾರಿಗೂ ಕಾಣುವುದಿಲ್ಲ. ಬಾಯಿ ಬಿಟ್ಟು ಹೇಳಬೇಕು. ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಅದೇ ಕಷ್ಟ. ಯಾರ ಮನೆಗೆ ಹೋದರೂ "ಎಂತದೂ ಬೇಡ, ಈಗಷ್ಟೇ ಕುಡಿದು ಬಂದೆ" ಅಂತ ಹೇಳಿ ಬೆಳೆದವರು ನಾವು. ಅಲ್ಲಿ ಬೇಡ ಅಂದರೂ ಲೋಟ ಬರುತ್ತದೆ. ಇಲ್ಲಿ ಬೇಡ ಅಂದರೆ ಬರುವುದಿಲ್ಲ.

ಇದಕ್ಕೆ ಸಂಬಂಧಪಟ್ಟ ಒಂದು ವಿಷಯ ನನ್ನ ಮನಸ್ಸಿನಿಂದ ಹೋಗಿಲ್ಲ. ನಾನು ಸೇರಿದ ಹೊಸತರಲ್ಲೇ ಹೊಸನಗರ ಕಡೆಯ ಒಬ್ಬಳು ಆ ಗುಂಪಿಗೆ ಬರುತ್ತಿದ್ದಳು. ರವಿಕೆ ಹೊಲಿಯುತ್ತಿದ್ದಳು. ಅವಳ ಕೈಕೆಲಸ ನೋಡಬೇಕಿತ್ತು ನೀನು, ಒಳಗಿನ ಹೊಲಿಗೆಯೂ ಹೊರಗಿನಷ್ಟೇ ಚೆಂದ. ಮೀಟಿಂಗ್‌ನಲ್ಲಿ ಎಲ್ಲರಿಗೂ ಒಂದು ನಿಮಿಷ ಸಿಗುತ್ತದೆ. ಯಾರು, ಏನು ಮಾಡುತ್ತೀರಿ, ನಿಮಗೆ ಏನು ಸಹಾಯ ಬೇಕು. ಅವಳು ಎದ್ದು ನಿಂತು, "ನಾನು ಬಟ್ಟೆ ಹೊಲಿಯುತ್ತೇನೆ, ಥ್ಯಾಂಕ್ ಯೂ" ಅಂತ ಹೇಳಿ ಕೂತುಬಿಡುತ್ತಿದ್ದಳು. ಸಹಾಯ ಬೇಕಾ ಅಂದರೆ "ಏನಿಲ್ಲ, ಎಲ್ಲ ಚೆನ್ನಾಗಿದೆ" ಅನ್ನುತ್ತಿದ್ದಳು. ಅವಳಿಗೆ ಆಗ ಬಾಡಿಗೆಗೆ ಪರದಾಟ ಇತ್ತು ಅಂತ ಆಮೇಲೆ ಗೊತ್ತಾಯಿತು. ಚಳಿಗಾಲ ಮುಗಿಯುವ ಹೊತ್ತಿಗೆ ಬರುವುದು ನಿಲ್ಲಿಸಿದಳು. ಗೋದಾಮಿನಲ್ಲಿ ರಾತ್ರಿ ಪಾಳಿಯ ಕೆಲಸಕ್ಕೆ ಸೇರಿದಳು, ಮಿಷನ್ ಮಾರಿದಳು, ಕೊನೆಗೆ ಕುಟುಂಬವೇ ಊರಿಗೆ ವಾಪಸ್ ಹೋಯಿತು. ಅದೇ ಗುಂಪಿನಲ್ಲಿ ಭರತನಾಟ್ಯ ಕಲಿಸುವ ತಮಿಳು ಹೆಂಗಸು ಒಬ್ಬಳಿದ್ದಳು. ಮಕ್ಕಳ ಡ್ರೆಸ್ ಹೊಲಿಸಲು ದೂರದ ಲೆಸ್ಟರ್‌ಗೆ ಹೋಗಿ ಬರುತ್ತಿದ್ದಳು. ಅವಳೂ ಹತ್ತಿರದಲ್ಲಿ ದರ್ಜಿ ಬೇಕು ಅಂತ ಒಂದು ದಿನವೂ ಹೇಳಿರಲಿಲ್ಲ. ಒಂದೇ ಸಾಲಿನ ಕುರ್ಚಿಗಳಲ್ಲಿ ಕೂತು ಇಬ್ಬರೂ ಚಹಾ ಕುಡಿದು ಮನೆಗೆ ಹೋಗುತ್ತಿದ್ದರು.

ಈಗ ನಮ್ಮ ಗುಂಪಿನಲ್ಲಿ ಒಂದು ಪದ್ಧತಿ ಮಾಡಿದ್ದೇವೆ. ಹೊಸಬರು ಬಂದರೆ, ಮೀಟಿಂಗ್ ಶುರುವಾಗುವ ಮುಂಚೆ ಹಳಬರು ಇಬ್ಬರು ಜೊತೆ ಕೂತು, ನಿನಗೆ ನಿಜವಾಗಿ ಏನು ಬೇಕು ಅಂತ ಕೇಳಿ ಕೇಳಿ ಹೊರಗೆ ತೆಗೆಯುತ್ತಾರೆ. ಆಮೇಲೆ ಅವಳ ಬಾಯಿಂದಲೇ ಎಲ್ಲರ ಮುಂದೆ ಹೇಳಿಸುತ್ತಾರೆ. ಇದನ್ನು ಹಟ ಹಿಡಿದು ತಂದವಳು ನಾನು.

ಹಾಗಾಗಿ ನಿನ್ನ ಒಂದು ನಿಮಿಷವನ್ನು ಈಗಲೇ ಬರೆದಿಟ್ಟುಕೋ. "ನಾನು ಉಪ್ಪಿನಕಾಯಿ ಮಾಡುತ್ತೇನೆ" ಅಂದರೆ ಯಾರ ಮನಸ್ಸಿನಲ್ಲೂ ಉಳಿಯುವುದಿಲ್ಲ. ಅಪ್ಪೆಮಿಡಿ ಮಲೆನಾಡಿನ ಹೊಳೆದಂಡೆಯ ಮರದ ಎಳೆ ಮಾವಿನಕಾಯಿ, ಅದರ ಸೊನೆಯ ಪರಿಮಳಕ್ಕೇ ಹೆಸರುವಾಸಿ, ಭಾರತದಲ್ಲಿ ಜಿಐ (ಇಂಥ ಊರಿನದೇ ಅನ್ನುವ ಭೌಗೋಳಿಕ ಗುರುತು) ಮಾನ್ಯತೆ ಇದೆ ಅಂತ ಹೇಳು. ಆಮೇಲೆ ಒಂದೇ ಒಂದು ವಿಷಯ ಕೇಳು. "ಚೀಸ್ ಮಾರುವ ಅಂಗಡಿಯವರು ಯಾರಾದರೂ ನಿಮಗೆ ಪರಿಚಯ ಇದ್ದಾರಾ?" ಇಲ್ಲಿಯವರು ಚೀಸ್ ಜೊತೆ ಉಪ್ಪಿನಕಾಯಿ ತಿನ್ನುತ್ತಾರೆ. ಉಪ್ಪಿನಲ್ಲಿ ಹಾಕಿದ ಮಿಡಿಯನ್ನು ಊರಿಂದ ಜಾಸ್ತಿ ಪ್ರಮಾಣದಲ್ಲಿ ತರಿಸುವುದು ಬೇರೆಯೇ ಕೆಲಸ. ಅದಕ್ಕೆ ಆಮದು ಗೊತ್ತಿರುವವರನ್ನು ಇನ್ನೊಂದು ಸಲ ಕೇಳು.

ಬೆಲೆ ಹಾಕುವಾಗ ನಿನ್ನ ದುಡಿಮೆಯ ಗಂಟೆಯನ್ನೂ ಸೇರಿಸು. "ನಮ್ಮೂರಿನವಳಲ್ವಾ, ಸ್ವಲ್ಪ ಕಮ್ಮಿ ಮಾಡು" ಅನ್ನುವವರು ಇದ್ದೇ ಇರುತ್ತಾರೆ. ರುಚಿ ನೋಡಲು ಕೊಡು, ಬೆಲೆ ಇಳಿಸಬೇಡ.

ಕಾನೂನಿನ ವಿಷಯ ಸಡಿಲ ಬಿಡಬೇಡ. ಸ್ಟೂಡೆಂಟ್ ವೀಸಾದವರು ಸ್ವಂತ ವ್ಯಾಪಾರ ಮಾಡುವಂತಿಲ್ಲ. ಸ್ಕಿಲ್ಡ್ ವರ್ಕರ್ ವೀಸಾದವರ ಡಿಪೆಂಡೆಂಟ್, ಅಂದರೆ ಅವರ ಜೊತೆ ಬಂದ ಹೆಂಡತಿ ಅಥವಾ ಗಂಡ, ಮಾಡಬಹುದು, ನಿನ್ನದು ಅದೇ ತಾನೇ ನೋಡಿಕೋ. ತಿಂಡಿ ಮಾರುವ ಕನಿಷ್ಠ 28 ದಿನ ಮುಂಚೆ ಕೌನ್ಸಿಲ್‌ನಲ್ಲಿ (ನಮ್ಮ ನಗರಸಭೆಯ ಥರ) ನೋಂದಾಯಿಸಬೇಕು, ಅದಕ್ಕೆ ಫೀಸ್ ಇಲ್ಲ. ಅವರು ಬಂದು ಅಡುಗೆಮನೆ ನೋಡುತ್ತಾರೆ, ಸ್ವಚ್ಛತೆಗೆ ಸೊನ್ನೆಯಿಂದ ಐದರವರೆಗೆ ಅಂಕ ಕೊಡುತ್ತಾರೆ. ಒಂದು ವರ್ಷದ ವಹಿವಾಟು 1,000 ಪೌಂಡ್ ದಾಟಿದರೆ ತೆರಿಗೆ ಇಲಾಖೆಗೆ ತಿಳಿಸಬೇಕು. ಇಲ್ಲಿ ತೆರಿಗೆ ವರ್ಷ ಏಪ್ರಿಲ್ 6ಕ್ಕೆ ಶುರು.

ಅಲರ್ಜಿ ತರುವ 14 ಪದಾರ್ಥಗಳ ಪಟ್ಟಿ ಇದೆ, ಬಾಯಿಪಾಠ ಮಾಡು. ಅದರಲ್ಲಿ ಸಾಸಿವೆ ಇದೆ, ಎಳ್ಳು ಇದೆ, ಶೇಂಗಾ ಇದೆ. ನಮ್ಮ ಮಿಡಿ ಉಪ್ಪಿನಕಾಯಿಗೆ ಸಾಸಿವೆಯೇ ಜೀವ, ಅದು ಲೇಬಲ್ ಮೇಲೆ ದಪ್ಪಗೆ ಎದ್ದು ಕಾಣಬೇಕು. ಇಂಗಿನ ಡಬ್ಬಿಯನ್ನೂ ತಿರುಗಿಸಿ ಓದು. ಡಬ್ಬಿಯಲ್ಲಿ ಬರುವ ಇಂಗಿನಲ್ಲಿ ಎಷ್ಟೋ ಸಲ ಗೋಧಿ ಹಿಟ್ಟು ಇರುತ್ತದೆ, ಗೋಧಿಯೂ ಪಟ್ಟಿಯಲ್ಲಿದೆ. 2016ರಲ್ಲಿ ನತಾಶಾ ಎಂಬ 15 ವರ್ಷದ ಹುಡುಗಿ ಅಂಗಡಿಯ ಬ್ರೆಡ್ ತಿಂದು ಸತ್ತಳು. ಅದರಲ್ಲಿ ಎಳ್ಳು ಇರುವುದು ಲೇಬಲ್ ಮೇಲೆ ಇರಲಿಲ್ಲ. ಅಂಗಡಿಯಲ್ಲೇ ಮಾಡಿ ಪ್ಯಾಕ್ ಮಾಡಿಟ್ಟ ತಿಂಡಿಗೂ ಪೂರ್ತಿ ಪಟ್ಟಿ ಬೇಕು ಅನ್ನುವ ಕಾನೂನು 2021ರ ಅಕ್ಟೋಬರ್‌ನಲ್ಲಿ ಬಂದದ್ದು ಅವಳ ಅಪ್ಪ ಅಮ್ಮನ ಹೋರಾಟದಿಂದ.

ನಿನ್ನ ಅತ್ತೆ "ಹೆಂಗಸರ ಗುಂಪು ಅಂದರೆ ಸುಮ್ನೆ ಹರಟೆ" ಅಂದರು ಅಂತ ಬರೆದಿದ್ದೀಯ. ಅವರಿಗೆ ಸಾಗರದ ಪಕ್ಕದ ಹೆಗ್ಗೋಡಿನ ‘ಚರಕ’ ಸಂಘವನ್ನು ನೆನಪಿಸು. ಹಳ್ಳಿಯ ಹೆಂಗಸರು ಸೇರಿ ಸಹಕಾರ ಸಂಘ ಕಟ್ಟಿ, ಸಹಜ ಬಣ್ಣದ ಕೈಮಗ್ಗದ ಬಟ್ಟೆಯನ್ನು ಬೆಂಗಳೂರಿನವರೂ ಹುಡುಕಿಕೊಂಡು ತಗೊಳ್ಳುವಂತೆ ಮಾಡಿದ್ದಾರೆ. ಬೆಂಗಳೂರಿನಲ್ಲಿ ಮಹಿಳಾ ಉದ್ಯಮಿಗಳು ಅವೇಕ್ ಸಂಸ್ಥೆ ಕಟ್ಟಿದ್ದು 1983ರಲ್ಲಿ. ಮಾವನವರಿಗಾದರೆ ಅಡಿಕೆ ಬೆಳೆಗಾರರ ಸಹಕಾರ ಸಂಘ ಮ್ಯಾಮ್ಕೋಸ್ ಹೆಸರು ಸಾಕು. ಒಬ್ಬೊಬ್ಬರೇ ಮಂಡಿಗೆ ಹೋದರೆ ಅಡಿಕೆಗೆ ಬೆಲೆ ಸಿಗುವುದಿಲ್ಲ ಅಂತ ಬೆಳೆಗಾರರು 1939ರಲ್ಲೇ ಒಟ್ಟಾದರು. ಮನೆಯವರು ಅಲ್ಲಿಗೇ ಅಡಿಕೆ ಹಾಕುತ್ತಾರಲ್ವಾ?

ನಮ್ಮ ಮೀಟಿಂಗ್ ಗುರುವಾರ ಬೆಳಗ್ಗೆ, ಮಕ್ಕಳನ್ನು ಶಾಲೆಗೆ ಬಿಟ್ಟ ಮೇಲೆ. ಮೊದಲ ಸಲ ಬರುವವರಿಗೆ ದುಡ್ಡಿಲ್ಲ. ಸಣ್ಣ ಬಾಟಲಿಯಲ್ಲಿ ಉಪ್ಪಿನಕಾಯಿ, ಬರೆದ ಲೇಬಲ್, ನೀನು ಬಳಸುವ ಇಂಗಿನ ಡಬ್ಬಿ, ಮೂರನ್ನೂ ತಾ. ಅರ್ಧ ಗಂಟೆ ಮುಂಚೆ ಬಂದರೆ ಲೇಬಲ್ ಒಟ್ಟಿಗೆ ನೋಡೋಣ.