ಕುಟ್ಟಬಾರದ ಗುಳಿಗೆ

ಪತ್ರ: ತಂದೆಯವರಿಗೆ ಎಪ್ಪತ್ತು ದಾಟಿದೆ. ಶುಗರ್‌ಗೆ ಮೆಟ್‌ಫಾರ್ಮಿನ್ ಎಸ್‌ಆರ್ ಬರೆದುಕೊಟ್ಟಿದ್ದಾರೆ. ದಪ್ಪ ಗುಳಿಗೆ, ಗಂಟಲಲ್ಲಿ ಇಳಿಯುವುದಿಲ್ಲವೆಂದು ಕುಟ್ಟಿ ಮಜ್ಜಿಗೆಯಲ್ಲಿ ಕೊಡುತ್ತಿದ್ದೇವೆ. ಹಾಗೇ ನುಂಗಿದ ದಿನ ಮಲದಲ್ಲಿ ಗುಳಿಗೆಯಂಥದ್ದೇ ಕಾಣುತ್ತದೆ. ನಕಲಿ ಮಾಲೇ? ವಾರಕ್ಕೊಂದು ಇನ್ಸುಲಿನ್ ಬಂದಿದೆಯಂತೆ, ಅದು ಆದೀತೇ?
– ಓದುಗರು, ಸೇಡಂ

ಉತ್ತರ: ಮೊದಲು ಕುಟ್ಟುವುದನ್ನು ನಿಲ್ಲಿಸಿ.

ಎಸ್‌ಆರ್ ಎಂದರೆ ಔಷಧವನ್ನು ನಿಧಾನವಾಗಿ ಬಿಡುವ ಗುಳಿಗೆ. ಅದರಲ್ಲಿ ಔಷಧದ ಜೊತೆ ಪಾಲಿಮರ್ ಎಂಬ, ನೀರು ಹೀರಿ ಉಬ್ಬುವ ವಸ್ತು ಇರುತ್ತದೆ. ಹೊಟ್ಟೆಯ ನೀರು ತಾಗಿದೊಡನೆ, ನೆನೆಹಾಕಿದ ಸಬ್ಜಾ ಬೀಜದ ಹಾಗೆ ಅದು ಲೋಳೆಗಟ್ಟುತ್ತದೆ. ಮೆಟ್‌ಫಾರ್ಮಿನ್ ಆ ಲೋಳೆಯನ್ನು ದಾಟಿಕೊಂಡು ತಾಸುಗಟ್ಟಲೆ ಸ್ವಲ್ಪಸ್ವಲ್ಪವೇ ಹೊರಬರುತ್ತದೆ. ಕುಟ್ಟಿದರೆ ಇಡೀ ದಿನದ್ದು ಒಮ್ಮೆಲೇ ಸುರಿಯುತ್ತದೆ. ಹೊಟ್ಟೆ ತೊಳಸುವುದು, ಭೇದಿ ಶುರುವಾಗಬಹುದು. ಬಿಪಿಯ ನಿಫೆಡಿಪಿನ್‌ನಂಥ ಗುಳಿಗೆಯನ್ನು ಹೀಗೆ ಕುಟ್ಟಿದರೆ ರಕ್ತದೊತ್ತಡ ಧಡಕ್ಕನೆ ಕುಸಿದು ಜೀವಕ್ಕೇ ಅಪಾಯ. ಸ್ಟ್ರಿಪ್ ಮೇಲೆ ಎಸ್‌ಆರ್, ಎಕ್ಸ್‌ಆರ್, ಇಆರ್, ಸಿಆರ್ ಎಂದಿದ್ದರೆ ಅದನ್ನು ಕುಟ್ಟಲೂಬಾರದು, ಅಗಿಯಲೂಬಾರದು. ಅರ್ಧ ಮಾಡಬಹುದಾದ ಕೆಲವು ಇವೆ, ಅದನ್ನು ಡಾಕ್ಟರನ್ನು ಕೇಳಿಯೇ ಮಾಡಬೇಕು.

ಮಲದಲ್ಲಿ ಕಂಡದ್ದು ಔಷಧ ಬಿಟ್ಟುಕೊಟ್ಟು ಉಳಿದ ಲೋಳೆಯ ಮುದ್ದೆ. ಅದನ್ನು ನೋಡಿ ಮಾಲು ನಕಲಿ ಎನ್ನಲಾಗದು. ಅಂಗಡಿಯವರ ಜೊತೆ ಇನ್ನೂ ಜಗಳ ಆಡಿಲ್ಲ ತಾನೇ? ಇನ್ನೊಂದು ಬಗೆಯ ಗುಳಿಗೆಯಲ್ಲಂತೂ ಹೊರಚಿಪ್ಪು ಕರಗುವುದೇ ಇಲ್ಲ. ಚಿಪ್ಪಿನ ಮೂಲಕ ನೀರು ಒಳಗಿಳಿಯುತ್ತದೆ, ಒಳಪದರ ಉಬ್ಬುತ್ತದೆ, ಲೇಸರ್‌ನಿಂದ ಕೊರೆದ ಸಣ್ಣ ತೂತಿನಿಂದ ಔಷಧವನ್ನು ಹೊರಗೆ ನೂಕುತ್ತದೆ. ಖಾಲಿ ಚಿಪ್ಪು ಇದ್ದ ಆಕಾರದಲ್ಲೇ ಹೊರಬೀಳುತ್ತದೆ.

ನುಂಗಲು ಆಗದವರಿಗೆ ದಾರಿ ಸರಳ. ಸಾದಾ ಮೆಟ್‌ಫಾರ್ಮಿನ್ ಇದೆ, ದಿನಕ್ಕೆ ಎರಡು ಮೂರು ಸಲ ಊಟದ ಜೊತೆ, ದ್ರವರೂಪದ್ದೂ ಉಂಟು. ಗುಳಿಗೆ ಇಳಿಯುತ್ತಿಲ್ಲ ಎಂದು ಡಾಕ್ಟರಿಗೆ ಹೇಳಿ ಚೀಟಿ ಬದಲಿಸಿಕೊಳ್ಳಿ. ಅನ್ನವೂ ಗಂಟಲಲ್ಲಿ ಸಿಕ್ಕುತ್ತಿದ್ದರೆ ಅದನ್ನು ಬೇರೆಯಾಗಿಯೇ ತೋರಿಸಬೇಕು.

ವಾರದ ಇನ್ಸುಲಿನ್ ಸುಳ್ಳಲ್ಲ. ಐಕೊಡೆಕ್ ಎಂಬುದಕ್ಕೆ 2024ರಲ್ಲಿ ಯುರೋಪು ಒಪ್ಪಿಗೆ ಕೊಟ್ಟಿತು. ರಕ್ತದ ಆಲ್ಬುಮಿನ್ ಪ್ರೋಟೀನಿಗೆ ಅಂಟಿಕೊಂಡು ಮೆಲ್ಲಗೆ ಬಿಡಿಸಿಕೊಳ್ಳುತ್ತ ವಾರವಿಡೀ ಕೆಲಸ ಮಾಡುತ್ತದೆ. ವರ್ಷಕ್ಕೆ 365 ಚುಚ್ಚಿನ ಬದಲು 52 ಎಂದರೆ ಯಾರಿಗೆ ಬೇಡ? ಆದರೆ ನಿಮ್ಮ ತಂದೆಯವರದು ಗುಳಿಗೆಯಲ್ಲೇ ಹತೋಟಿಯಲ್ಲಿರುವ ಶುಗರ್ ಆದರೆ, ನುಂಗುವ ಕಷ್ಟಕ್ಕಾಗಿ ಇನ್ಸುಲಿನ್‌ಗೆ ಹೋಗುವುದು ನನಗೆ ಸರಿ ಕಾಣದು. ಚುಚ್ಚಿದ್ದನ್ನು ವಾಪಸು ತೆಗೆಯಲಾಗದು. ಬುಧವಾರ ತಗೊಂಡು ಶುಕ್ರವಾರ ಜ್ವರ ಬಂದು ಊಟ ಬಿಟ್ಟರೆ, ಶ್ರಾವಣದ ಒಪ್ಪೊತ್ತೋ ರಂಜಾನಿನ ರೋಜಾವೋ ಹಿಡಿದರೆ, ಔಷಧ ತನ್ನ ಪಾಡಿಗೆ ಶುಗರ್ ಇಳಿಸುತ್ತಲೇ ಇರುತ್ತದೆ. ಒಡೆಯದ ಇನ್ಸುಲಿನ್‌ಗೆ 2ರಿಂದ 8 ಡಿಗ್ರಿ ತಂಪೂ ಬೇಕು. ಮೇ ತಿಂಗಳಲ್ಲಿ 40 ದಾಟುವ ನಮ್ಮ ಕಲಬುರಗಿ ಸೀಮೆಯಲ್ಲಿ, ಕರೆಂಟು ಹೋದ ಮಧ್ಯಾಹ್ನ ಫ್ರಿಜ್ಜನ್ನು ಎಷ್ಟು ನಂಬುವುದೆಂದು ನಿಮಗೇ ಗೊತ್ತು.